ಅಲೆಯ ಉದ್ದ: ಸುನಾಮಿ ಮತ್ತು ನಮ್ಮ ಕರಾವಳಿ

(ಮಲ್ಪೆಯಲ್ಲಿ ಮೀನುಗಾರರು, ಶಿಕ್ಷಕರು ಮತ್ತು ಕಾಲೇಜು ವಿದ್ಯಾರ್ಥಿಗಳು ಸೇರಿದ್ದ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಸಭೆಯಲ್ಲಿರುವ ಹಿರಿಯರೇ, ಮೀನುಗಾರ ಬಂಧುಗಳೇ, ಶಿಕ್ಷಕ ಮಿತ್ರರೇ, ವಿದ್ಯಾರ್ಥಿಗಳೇ,

ಮೊದಲಿಗೆ ಎರಡು ಅಳತೆಗಳನ್ನು ನಿಮ್ಮ ಮುಂದಿಡುತ್ತೇನೆ. ಮಳೆಗಾಲದ ಆಟಿ ತಿಂಗಳ ಬಿರುಸಿನಲ್ಲಿ ನಮ್ಮ ಕಡಲಿನ ಅಲೆಗಳು ಮೂರು ಮೀಟರ್ ಎತ್ತರವನ್ನು ಮೀರುವುದು ನಿಮಗಾರಿಗೂ ಹೊಸ ಸಂಗತಿಯಲ್ಲ. 2004ರ ಡಿಸೆಂಬರ್ 26ರ ಭಾನುವಾರ ಬೆಳಿಗ್ಗೆ ತಮಿಳುನಾಡಿನ ಕರಾವಳಿಯ ಬಹುಭಾಗದಲ್ಲಿ ನೀರು ಏರಿದ ಎತ್ತರವೂ ಸುಮಾರು ಮೂರರಿಂದ ಐದು ಮೀಟರ್ ಎಂದು ಅಲ್ಲಿಗೆ ಹೋಗಿ ಗೋಡೆಗಳ ಮೇಲಿನ ನೀರಿನ ಗುರುತುಗಳನ್ನು ಅಳೆದ ತಂಡಗಳು ದಾಖಲಿಸಿವೆ. ಆಟಿಯ ಅಲೆ ದಂಡೆಯ ತೆಂಗಿನ ಮರಗಳನ್ನು ಉರುಳಿಸುತ್ತದೆ, ರಸ್ತೆಯ ಅಂಚನ್ನು ಕೊರೆಯುತ್ತದೆ, ಮನೆಯ ಪಂಚಾಂಗವನ್ನು ಸಡಿಲಗೊಳಿಸುತ್ತದೆ. ಅಂದಿನ ಅಲೆಯಿಂದಾಗಿ ನಾಗಪಟ್ಟಿಣ ಜಿಲ್ಲೆಯೊಂದರಲ್ಲೇ ಆರು ಸಾವಿರಕ್ಕೂ ಹೆಚ್ಚು ಜನರು ಜೀವ ಕಳೆದುಕೊಂಡರು. ಎತ್ತರ ಹೆಚ್ಚುಕಡಿಮೆ ಒಂದೇ ಆಗಿರುವಾಗ ಪರಿಣಾಮದಲ್ಲಿ ಇಷ್ಟೊಂದು ಅಂತರ ಏಕೆ ಬಂತು ಎಂಬುದೇ ಇಂದಿನ ಮಾತಿನ ಆರಂಭ. ನನ್ನ ಉತ್ತರ ಒಂದೇ: ಸುನಾಮಿಯನ್ನು ಅದರ ಎತ್ತರದಿಂದ ಅರಿಯಲಾಗದು, ಉದ್ದದಿಂದ ಅರಿಯಬೇಕು. ಅದು ಹುಟ್ಟುವ ಬಗೆ, ಅದನ್ನು ಅಳೆಯುವ ಕ್ರಮ, ದಡದಲ್ಲಿ ಅದು ಅನುಭವಕ್ಕೆ ಬರುವ ರೀತಿ, ಎಲ್ಲವೂ ಈ ಉದ್ದಕ್ಕೇ ಸಂಬಂಧಿಸಿದವು.

ಗಾಳಿಯಿಂದ ಏಳುವ ಅಲೆಯಲ್ಲಿ ಒಂದು ನೆತ್ತಿಗೂ ಮುಂದಿನ ನೆತ್ತಿಗೂ ನಡುವಿನ ಕಾಲ ಎಂಟು, ಹತ್ತು, ಹನ್ನೆರಡು ಸೆಕೆಂಡುಗಳು; ಆಳದ ಕಡಲಿನಲ್ಲಿ ಅಂಥ ಅಲೆಯ ಉದ್ದ, ಅಂದರೆ ಎರಡು ನೆತ್ತಿಗಳ ನಡುವಿನ ದೂರ, ನೂರರಿಂದ ಇನ್ನೂರು ಮೀಟರಿನ ಆಸುಪಾಸು. ಈ ಅಲೆ ತನ್ನ ಉದ್ದದ ಅರ್ಧದಷ್ಟು ಆಳದವರೆಗೆ ಮಾತ್ರ ನೀರನ್ನು ಅಲುಗಿಸುತ್ತದೆ, ಅದರ ಕೆಳಗಿನ ನೀರು ಅಲುಗುವುದಿಲ್ಲವೆಂದೇ ಹೇಳಬಹುದು. ಸುನಾಮಿಯಲ್ಲಿ ಎರಡು ನೆತ್ತಿಗಳ ನಡುವಿನ ಕಾಲ ಹತ್ತು ನಿಮಿಷದಿಂದ ಒಂದು ಗಂಟೆಯವರೆಗೆ ಇರುತ್ತದೆ. ಅದರ ಉದ್ದ ನೂರಾರು ಕಿಲೋಮೀಟರ್. ಸಾಗರದ ಸರಾಸರಿ ಆಳ ನಾಲ್ಕು ಕಿಲೋಮೀಟರಿಗೆ ತುಸು ಕಡಿಮೆ. ಆದ್ದರಿಂದ ಇನ್ನೂರು ಕಿಲೋಮೀಟರ್ ಉದ್ದದ ಅಲೆಯ ಪಾಲಿಗೆ ಜಗತ್ತಿನ ಅತ್ಯಂತ ಆಳವಾದ ಕಡಲೂ ತೆಳುವಾದ ನೀರಿನ ಪದರವೇ. ಮೇಲ್ಮೈಯಿಂದ ತಳದವರೆಗಿನ ಇಡೀ ನೀರು ಒಟ್ಟಾಗಿ ಮುಂದೆ ಸರಿಯುತ್ತದೆ. ಮಳೆಗಾಲದ ಅಲೆ ದಡಕ್ಕೆ ಬಂದು ಮುರಿದು, ಕೆಲವೇ ಸೆಕೆಂಡುಗಳಲ್ಲಿ ಹಿಂದಕ್ಕೆ ಹರಿಯುತ್ತದೆ. ಸುನಾಮಿಯ ನೀರು ಬಂದ ಮೇಲೆ ಐದು, ಹತ್ತು, ಹದಿನೈದು ನಿಮಿಷ ಒಂದೇ ಸಮನೆ ಒಳನಾಡಿನ ಕಡೆಗೆ ಹರಿಯುತ್ತಲೇ ಇರುತ್ತದೆ. ಅಷ್ಟು ಹೊತ್ತು ಹರಿಯುವ ನೀರಿಗೆ ಗದ್ದೆ, ಅಂಗಳ, ಬಾವಿ, ರಸ್ತೆ ಎಲ್ಲವನ್ನೂ ತುಂಬಿಕೊಂಡು ಮುನ್ನಡೆಯಲು ಸಮಯ ಸಿಗುತ್ತದೆ. ಅಂದು ಜನರನ್ನು ಕೊಂದದ್ದು ಹೀಗೆ ನಿಲ್ಲದೆ ಬಂದ ನೀರು ಮತ್ತು ಅದು ಹೊತ್ತು ತಂದ ಮರಮುಟ್ಟು, ಬೋಟು, ವಾಹನ, ಗೋಡೆಗಳ ತುಂಡುಗಳು.

ಇಷ್ಟು ಉದ್ದದ ಅಲೆಯನ್ನು ಎಬ್ಬಿಸಲು ಅಷ್ಟೇ ಉದ್ದದ ಕಾರಣ ಬೇಕು. ಸುಮಾತ್ರದಿಂದ ಅಂಡಮಾನಿನವರೆಗಿನ ಸಾಗರ ಕಂದಕದಲ್ಲಿ ಭಾರತವನ್ನು ಹೊತ್ತ ಭೂಫಲಕವು ಪೂರ್ವದ ಬರ್ಮಾ ಫಲಕದ ಅಡಿಗೆ ವರ್ಷಕ್ಕೆ ಕೆಲವು ಸೆಂಟಿಮೀಟರಿನಂತೆ ನುಗ್ಗುತ್ತಿದೆ. ಎರಡೂ ಉಜ್ಜುವ ಮೈಯಲ್ಲಿ ಬಿಗಿಯಾಗಿ ಸಿಕ್ಕಿಕೊಂಡಿರುವುದರಿಂದ ಮೇಲಿನ ಫಲಕದ ಅಂಚು ಶತಮಾನಗಟ್ಟಲೆ ಕೆಳಕ್ಕೆ ಎಳೆಯಲ್ಪಟ್ಟು ಬಾಗುತ್ತಾ ಹೋಗುತ್ತದೆ. ಆ ಬಿಗಿತ ತಾಳಲಾರದ ಹಂತ ತಲುಪಿದಾಗ ಸಿಕ್ಕು ಬಿಡುತ್ತದೆ, ಬಾಗಿದ್ದ ಅಂಚು ಮೇಲಕ್ಕೆ ಚಿಮ್ಮುತ್ತದೆ. 2004ರಲ್ಲಿ ಭಾರತೀಯ ಕಾಲಮಾನ ಬೆಳಿಗ್ಗೆ 6 ಗಂಟೆ 28 ನಿಮಿಷಕ್ಕೆ ಸುಮಾತ್ರದ ವಾಯವ್ಯ ತೀರದಾಚೆ ಆರಂಭವಾದ ಬಿರುಕು ಉತ್ತರಾಭಿಮುಖವಾಗಿ ಸುಮಾರು ಹತ್ತು ನಿಮಿಷ ಓಡಿ 1,200 ಕಿಲೋಮೀಟರಿಗೂ ಹೆಚ್ಚು ದೂರ ಸಾಗಿತು. ಮಂಗಳೂರಿನಿಂದ ಹೊರಟು ಕರಾವಳಿಯುದ್ದಕ್ಕೂ ಮುಂಬೈಯನ್ನು ದಾಟಿ ಹೋದಷ್ಟು ಉದ್ದ ಅದು. ಆ ಪಟ್ಟಿಯ ಒಂದು ಪಾರ್ಶ್ವದಲ್ಲಿ ಕಡಲ ತಳ ಕೆಲವು ಮೀಟರ್ ಮೇಲೆದ್ದಿತು, ಇನ್ನೊಂದು ಪಾರ್ಶ್ವದಲ್ಲಿ ಕುಸಿಯಿತು. ಕುಸಿತ ಎಷ್ಟಿತ್ತೆಂಬುದಕ್ಕೆ ನಮ್ಮ ದೇಶದೊಳಗೇ ಒಂದು ಸಾಕ್ಷಿಯಿದೆ: ಗ್ರೇಟ್ ನಿಕೋಬಾರಿನ ದಕ್ಷಿಣ ತುದಿಯಾದ ಇಂದಿರಾ ಪಾಯಿಂಟಿನಲ್ಲಿ ನೆಲವೇ ನಾಲ್ಕು ಮೀಟರಿಗೂ ಹೆಚ್ಚು ತಗ್ಗಿ, ಅಲ್ಲಿನ ದೀಪಸ್ತಂಭದ ಬುಡ ನೀರಿನೊಳಗಾಯಿತು. ಕಡಲ ತಳ ಏಳುವಾಗ ಅದರ ಮೇಲಿನ ನೀರು ಬದಿಗೆ ಹರಿದು ಜಾಗ ಬಿಡಲು ಅವಕಾಶವೇ ಇರುವುದಿಲ್ಲ, ಏಕೆಂದರೆ ನೂರು ಕಿಲೋಮೀಟರಿಗೂ ಮಿಕ್ಕ ಅಗಲದ ನೀರು ಕೆಲವೇ ನಿಮಿಷಗಳಲ್ಲಿ ಎಲ್ಲಿಗೂ ಹೋಗಲಾರದು. ತಳದ ಆಕಾರವೇ ಮೇಲ್ಮೈಯ ಆಕಾರವಾಗಿ ಮೂಡುತ್ತದೆ. ಹಾಗೆ ಎದ್ದ ನೀರಿನ ದಿಬ್ಬವು ಭೂಮಿಯ ಸೆಳೆತಕ್ಕೆ ಸಿಕ್ಕಿ ಎರಡೂ ಕಡೆಗೆ ಹರಡತೊಡಗಿದಾಗ ಸುನಾಮಿ ಹೊರಡುತ್ತದೆ.

ಬಿರುಕು ಉತ್ತರ–ದಕ್ಷಿಣವಾಗಿ ಮಲಗಿದ್ದರಿಂದ ಅಲೆಯ ಬಲವೆಲ್ಲ ಪೂರ್ವಕ್ಕೂ ಪಶ್ಚಿಮಕ್ಕೂ ಹೋಯಿತು. ಥಾಯ್ಲೆಂಡ್ ಒಂದು ಕಡೆ, ಶ್ರೀಲಂಕಾ ಮತ್ತು ತಮಿಳುನಾಡು ಇನ್ನೊಂದು ಕಡೆ ಏಟು ತಿಂದವು. ಬಂಗಾಳ ಕೊಲ್ಲಿಯ ತಲೆಯಲ್ಲಿರುವ, ತಗ್ಗು ನೆಲದ ಬಾಂಗ್ಲಾದೇಶ ಬಹುಮಟ್ಟಿಗೆ ಪಾರಾಯಿತು. ಒಂದು ಊರಿಗೆ ಎಷ್ಟು ಅಪಾಯ ಎಂಬುದನ್ನು ಬಿರುಕಿನ ದೂರದ ಜೊತೆಗೆ ಅದು ಮಲಗಿರುವ ದಿಕ್ಕೂ ನಿರ್ಧರಿಸುತ್ತದೆ.

ಕಡಲಿನಡಿಯ ಪ್ರತಿ ದೊಡ್ಡ ಭೂಕಂಪವೂ ಸುನಾಮಿಯನ್ನು ಎಬ್ಬಿಸುವುದಿಲ್ಲ. 2012ರ ಏಪ್ರಿಲ್ 11ರಂದು ಸುಮಾತ್ರದ ಆಚೆಯೇ 8.6 ಪ್ರಮಾಣದ ಕಂಪನವಾಯಿತು. ಎಚ್ಚರಿಕೆ ಹೊರಟಿತು, ಜನರು ದಡ ಬಿಟ್ಟು ಓಡಿದರು. ಬಂದದ್ದು ಸಣ್ಣ ಅಲೆ. ಆ ಬಿರುಕಿನಲ್ಲಿ ನೆಲದ ತುಂಡುಗಳು ಒಂದರ ಪಕ್ಕದಲ್ಲಿ ಇನ್ನೊಂದು ಅಡ್ಡಡ್ಡಲಾಗಿ ಜಾರಿದವೇ ಹೊರತು ಮೇಲೆ ಕೆಳಗೆ ಹೋಗಲಿಲ್ಲ, ಹಾಗಾಗಿ ನೀರನ್ನು ಎತ್ತುವ ಕೆಲಸ ನಡೆಯಲಿಲ್ಲ. ಇದಕ್ಕೆ ವ್ಯತಿರಿಕ್ತವಾಗಿ ಭೂಕಂಪವೇ ಇಲ್ಲದೆಯೂ ಸುನಾಮಿ ಏಳಬಹುದು. 1883ರ ಆಗಸ್ಟಿನಲ್ಲಿ ಕ್ರಾಕಟೋವಾ ಜ್ವಾಲಾಮುಖಿ ಸಿಡಿದಾಗ ಸತ್ತ ಸುಮಾರು 36,000 ಜನರಲ್ಲಿ ಹೆಚ್ಚಿನವರು ಅಲೆಗೆ ಸಿಕ್ಕವರು. ಅದೇ ಜಾಗದಲ್ಲಿ ಮತ್ತೆ ಬೆಳೆದ ಅನಾಕ್ ಕ್ರಾಕಟೋವಾದ ಒಂದು ಬದಿ 2018ರ ಡಿಸೆಂಬರ್ 22ರ ರಾತ್ರಿ ಕಡಲಿಗೆ ಕುಸಿದು ನಾನೂರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಆದರೆ ಕುಸಿತದಿಂದ ಏಳುವ ಅಲೆಯ ಉದ್ದ ಕಡಿಮೆ. ಹತ್ತಿರದಲ್ಲಿ ಭಯಂಕರವಾಗಿದ್ದರೂ ದೂರ ಹೋದಂತೆ ಅದು ಬೇಗ ಕ್ಷೀಣಿಸುತ್ತದೆ. ಸಾಗರವನ್ನೇ ದಾಟಿ ಬಂದು ಹೊಡೆಯುವ ಶಕ್ತಿ ಮುಖ್ಯವಾಗಿ ಕಂದಕಗಳ ಉದ್ದನೆಯ ಬಿರುಕುಗಳಿಗೆ ಇದೆ.

ಹಾಗಾದರೆ ನಮ್ಮ ಅರಬ್ಬೀ ಸಮುದ್ರದ ಸ್ಥಿತಿ ಏನು? ಮಲ್ಪೆಯಿಂದ ಬೋಟಿನಲ್ಲಿ ಹೋಗಿ ನೋಡಿ ಬರುವ ಸೈಂಟ್ ಮೇರೀಸ್ ದ್ವೀಪದ ಕಂಬದಂಥ ಬಂಡೆಗಳು ಈ ಪ್ರಶ್ನೆಗೆ ಅರ್ಧ ಉತ್ತರ ಕೊಡುತ್ತವೆ. ಅವು ಸುಮಾರು ಒಂಬತ್ತು ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರ್ಪಟ್ಟ ಕಾಲದಲ್ಲಿ ಹೊರಬಂದ ಲಾವಾ ಆರಿ ಗಟ್ಟಿಯಾದ ಬಂಡೆಗಳು. ಅಂದರೆ ನಮ್ಮ ದಡ ಎರಡು ಭೂಭಾಗಗಳು ಒಡೆದು ದೂರ ಸರಿದ ಅಂಚು. ಒಂದರ ಅಡಿಗೆ ಇನ್ನೊಂದು ನುಗ್ಗುವ ಅಂಚು ಇಲ್ಲಿಲ್ಲ, ಮಲ್ಪೆಯ ಮುಂದೆ ಕಂದಕವೂ ಇಲ್ಲ. ಉತ್ತರದ ಅರ್ಧ ಬೇರೆ. ಇರಾನ್ ಮತ್ತು ಪಾಕಿಸ್ತಾನದ ದಕ್ಷಿಣ ತೀರದ ಉದ್ದಕ್ಕೂ ಮಕ್ರಾನ್ ಪ್ರದೇಶದಲ್ಲಿ ಅರಬ್ಬೀ ಫಲಕ ಯುರೇಷ್ಯಾ ಫಲಕದ ಅಡಿಗೆ ನುಗ್ಗುತ್ತಿದೆ. 1945ರ ನವೆಂಬರ್ 28ರಂದು, ಬೆಳಕು ಹರಿಯುವ ಮೊದಲೇ, ಬಲೂಚಿಸ್ತಾನದ ಪಸ್ನಿಯ ಬಳಿ 8.1 ಪ್ರಮಾಣದ ಭೂಕಂಪ ಸಂಭವಿಸಿ, ಅದರ ಅಲೆ ಆ ತೀರದಲ್ಲಿ ದೊಡ್ಡ ಅನಾಹುತ ಮಾಡಿತು. ಬೆಳಗಾದ ಮೇಲೆ ಮುಂಬೈ ತಲುಪಿದಾಗಲೂ ಅದಕ್ಕೆ ಸುಮಾರು ಎರಡು ಮೀಟರ್ ಎತ್ತರವಿದ್ದು, ಅಲ್ಲಿಯೂ ಜನರು ಸತ್ತರು. ಈ ಘಟನೆ ನಮ್ಮ ಶಾಲೆಗಳ ಪಾಠದಲ್ಲಿ ಬರಬೇಕೆಂದು ನಾನು ಒತ್ತಿ ಹೇಳುತ್ತೇನೆ. ಸುನಾಮಿ ಎಂದಕೂಡಲೇ ಪೂರ್ವ ಕರಾವಳಿಯ ಕಡೆ ಮಾತ್ರ ಬೆರಳು ತೋರಿಸುವ ಅಭ್ಯಾಸ ನಮ್ಮಲ್ಲಿ ಬೇರೂರಿದೆ. ನಮಗೆ ಅಡ್ಡವಿಲ್ಲದೆ ಎದುರಾಗಬಹುದಾದ ಮೂಲ ವಾಯವ್ಯದಲ್ಲಿದೆ.

ಪೂರ್ವದ ಅಲೆಯೂ ನಮ್ಮನ್ನು ಸಂಪೂರ್ಣ ಬಿಟ್ಟಿತೆಂದಲ್ಲ. 2004ರಲ್ಲಿ ಶ್ರೀಲಂಕಾದ ಮರೆಯಲ್ಲಿದ್ದರೂ ಕೇರಳದ ಕೊಲ್ಲಂ ಜಿಲ್ಲೆಯ ಆಲಪ್ಪಾಡ್ ಪಂಚಾಯತಿನಲ್ಲಿ ನೂರಕ್ಕೂ ಹೆಚ್ಚು ಜನರು ಸತ್ತರು. ಉದ್ದದ ಅಲೆಗೆ ದ್ವೀಪವೊಂದು ಪೂರ್ತಿ ಅಡ್ಡವಾಗಲಾರದು. ಅದು ದ್ವೀಪವನ್ನು ಬಳಸಿ ಬಾಗುತ್ತದೆ, ಆಳ ಕಡಿಮೆಯಿರುವ ಕಡೆಗೆ ತಿರುಗುತ್ತದೆ, ದಡದಾಚೆ ಹೆಚ್ಚು ಆಳವಿಲ್ಲದೆ ಚಾಚಿರುವ ಕಡಲತಳದ, ಅಂದರೆ ಖಂಡಾವರಣದ, ಅಂಚನ್ನು ಹಿಡಿದು ತೀರದುದ್ದಕ್ಕೂ ಸಾಗುತ್ತದೆ. ಆಲಪ್ಪಾಡ್ ಇರುವುದು ಕಡಲಿಗೂ ಹಿನ್ನೀರಿಗೂ ನಡುವಿನ ಕಿರಿದಾದ ಮರಳಿನ ಪಟ್ಟಿಯ ಮೇಲೆ. ಈ ಮಾತನ್ನು ದಯವಿಟ್ಟು ನೆನಪಿನಲ್ಲಿಡಿ, ನಮ್ಮ ಪಡುಕೆರೆಯ ವಿಷಯಕ್ಕೆ ಬಂದಾಗ ಮತ್ತೆ ಬೇಕಾಗುತ್ತದೆ. ಕರ್ನಾಟಕದ ದಡಕ್ಕೆ ಬರುವ ಹೊತ್ತಿಗೆ ಆ ಅಲೆಯ ಬಲ ಕುಗ್ಗಿದ್ದು, ಕೇರಳದಲ್ಲಾದಂಥ ಹಾನಿ ಇಲ್ಲಿ ಆಗಲಿಲ್ಲ.

ಅಲೆಯ ವೇಗದ ಲೆಕ್ಕ ಸರಳವಾಗಿದೆ, ಹತ್ತನೆಯ ತರಗತಿಯ ವಿದ್ಯಾರ್ಥಿಯೂ ಮಾಡಬಹುದು. ನೀರಿನ ಆಳವನ್ನು ಮೀಟರಿನಲ್ಲಿ ತೆಗೆದುಕೊಂಡು 9.8ರಿಂದ ಗುಣಿಸಿ, ಬಂದದ್ದರ ವರ್ಗಮೂಲ ತೆಗೆದರೆ ಸೆಕೆಂಡಿಗೆ ಎಷ್ಟು ಮೀಟರ್ ಎಂಬುದು ಸಿಗುತ್ತದೆ. ನಾಲ್ಕು ಸಾವಿರ ಮೀಟರ್ ಆಳದಲ್ಲಿ ಅದು ಗಂಟೆಗೆ 700 ಕಿಲೋಮೀಟರಿಗೂ ಹೆಚ್ಚು, ಅಂದರೆ ವಿಮಾನದ ವೇಗಕ್ಕೆ ಹತ್ತಿರ. ಐವತ್ತು ಮೀಟರ್ ಆಳದಲ್ಲಿ ಸುಮಾರು 80 ಕಿಲೋಮೀಟರ್. ಹತ್ತು ಮೀಟರ್ ಆಳದಲ್ಲಿ 36 ಕಿಲೋಮೀಟರ್. ಮುಂದಿನ ನೀರು ನಿಧಾನವಾಗುತ್ತಿರುವಾಗ ಹಿಂದಿನ ನೀರು ವೇಗವಾಗಿ ಬಂದು ಸೇರುವುದರಿಂದ ಅಲೆಯ ಉದ್ದ ಕುಗ್ಗಿ ಎತ್ತರ ಹೆಚ್ಚುತ್ತದೆ. ಆಳ ಹದಿನಾರು ಪಟ್ಟು ಕಡಿಮೆಯಾದಾಗ ಎತ್ತರ ಎರಡು ಪಟ್ಟಾಗುತ್ತದೆ ಎಂಬುದು ಇದರ ಸ್ಥೂಲ ನಿಯಮ. ನಾಲ್ಕು ಸಾವಿರ ಮೀಟರ್ ಆಳದಲ್ಲಿ ಅರುವತ್ತು ಸೆಂಟಿಮೀಟರ್ ಇದ್ದ ಅಲೆ ಹದಿನೈದು–ಹದಿನಾರು ಮೀಟರ್ ಆಳಕ್ಕೆ ಬರುವಾಗ ಎರಡು ಮೀಟರ್ ನಲವತ್ತು ಸೆಂಟಿಮೀಟರಿನ ಹತ್ತಿರಕ್ಕೆ ಏರಿರುತ್ತದೆ. ಅಲ್ಲಿಂದ ಮುಂದೆ ದಡದ ಇಳಿಜಾರು, ಕೊಲ್ಲಿಯ ಆಕಾರ, ಅಳಿವೆಯ ಅಗಲ ಇವು ಮಾತನಾಡತೊಡಗುತ್ತವೆ, ಲೆಕ್ಕ ಸರಳವಾಗಿ ಉಳಿಯುವುದಿಲ್ಲ. 2004ರಲ್ಲಿ ಸುಮಾತ್ರದ ‘ಬಾಂಡಾ ಆಚೆ’ ನಗರದ ಸಮೀಪದ ಲೋಕ್ಂಗಾದಲ್ಲಿ ನೀರು ಸುಮಾರು ಮೂವತ್ತು ಮೀಟರ್ ಎತ್ತರದವರೆಗೆ ಗುಡ್ಡ ಹತ್ತಿತ್ತು.

ಈಗ ಅಳೆಯುವ ವಿಚಾರ. 2004ರ ದುರಂತದಲ್ಲಿ ನನ್ನನ್ನು ಅತ್ಯಂತ ಕಾಡುವ ಸಂಗತಿ ಇಲ್ಲೇ ಇದೆ. ಹವಾಯಿಯಲ್ಲಿರುವ ಪೆಸಿಫಿಕ್ ಎಚ್ಚರಿಕಾ ಕೇಂದ್ರ ಭೂಕಂಪವಾದ ಹದಿನೈದು ನಿಮಿಷಗಳಲ್ಲಿ ಅದರ ಪ್ರಮಾಣವನ್ನು 8.0 ಎಂದು ಅಂದಾಜಿಸಿತು; ಸುಮಾರು ಒಂದು ಗಂಟೆಯ ಬಳಿಕ ಅದು 8.5 ಆಯಿತು, ನಿಜವಾದ ಪ್ರಮಾಣ 9.1 ಎಂದು ತಿಳಿಯುವ ಹೊತ್ತಿಗೆ ಅಲೆ ಹಲವು ದೇಶಗಳನ್ನು ದಾಟಿ ಹೋಗಿತ್ತು. ಪ್ರಮಾಣದಲ್ಲಿ ಒಂದು ಅಂಕಿ ಹೆಚ್ಚಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು ಮೂವತ್ತೆರಡು ಪಟ್ಟು ಹೆಚ್ಚು ಎಂಬುದನ್ನು ಗಮನಿಸಿದರೆ ಆ ಅಂತರದ ಅರ್ಥ ತಿಳಿಯುತ್ತದೆ. ಇದು ಯಾರೋ ಒಬ್ಬರ ಅಲಕ್ಷ್ಯದಿಂದ ಆದದ್ದಲ್ಲ. ಭೂಕಂಪಮಾಪಕಕ್ಕೆ ಮೊದಲು ಬಂದು ಮುಟ್ಟುವ, ಬೇಗ ಬೇಗ ಅದುರುವ ಕಂಪನಗಳು ಬಿರುಕಿನ ಒಂದು ಭಾಗದ ಸುದ್ದಿಯನ್ನಷ್ಟೇ ತರುತ್ತವೆ. ಸಾವಿರ ಕಿಲೋಮೀಟರ್ ಉದ್ದದ ಬಿರುಕಿನ ಪೂರ್ಣ ಗಾತ್ರ ತಿಳಿಯಬೇಕಾದರೆ ನಿಧಾನವಾಗಿ, ನೂರಾರು ಸೆಕೆಂಡುಗಳಿಗೊಮ್ಮೆ ತೂಗುವ ಕಂಪನಗಳನ್ನು ನೋಡಬೇಕು. ಅಲ್ಲಿಯೂ ಉದ್ದವೇ ಪ್ರಧಾನ. 1896ರ ಜೂನ್ 15ರಂದು ಜಪಾನಿನ ಸಾನ್ರಿಕು ತೀರದಲ್ಲಿ ನೆಲ ಮೆಲ್ಲಗೆ ಮಾತ್ರ ನಡುಗಿತ್ತು. ಬಿರುಕು ನಿಧಾನವಾಗಿ ಬಿಟ್ಟುಕೊಂಡದ್ದೇ ಅದಕ್ಕೆ ಕಾರಣ. ಜನರು ಅದನ್ನು ಹೆಚ್ಚು ಗಣಿಸಲಿಲ್ಲ. ಬಳಿಕ ಬಂದ ಅಲೆ ಸುಮಾರು 22,000 ಜನರನ್ನು ಕೊಂದಿತು.

ಭೂಕಂಪದ ಲೆಕ್ಕ ಎಷ್ಟೇ ನಿಖರವಾಗಿದ್ದರೂ ಅಲೆ ಎದ್ದಿದೆಯೇ ಎಂಬುದನ್ನು ನೀರೇ ಹೇಳಬೇಕು. ಬಂದರುಗಳಲ್ಲಿ ಉಬ್ಬರ–ಇಳಿತವನ್ನು ದಾಖಲಿಸುವ ಮಾಪಕಗಳು ನೂರೈವತ್ತು ವರ್ಷಗಳ ಹಿಂದಿನಿಂದಲೂ ಇವೆ. ಕ್ರಾಕಟೋವಾದ ಅಲೆಯನ್ನು ಆಗಿನ ಭಾರತದ ಬಂದರುಗಳ ಮಾಪಕಗಳು ಬರೆದಿಟ್ಟುಕೊಂಡಿವೆ. ಅವುಗಳ ಕೊಳವೆಯ ತೂತು ಸಣ್ಣದಾಗಿರುವುದರಿಂದ ಗಾಳಿಯ ಅಲೆಗಳು ಒಳಗೆ ಕಾಣಿಸಿಕೊಳ್ಳುವುದಿಲ್ಲ, ನಿಧಾನದ ಏರಿಳಿತ ಮಾತ್ರ ಕಾಗದದ ಮೇಲೆ ಮೂಡುತ್ತದೆ. ಆದರೆ ಬಂದರಿನ ಮಾಪಕ ಹೇಳುವ ಹೊತ್ತಿಗೆ ಅಲೆ ಬಂದರಿಗೆ ಬಂದೇ ಬಿಟ್ಟಿರುತ್ತದೆ. ಆದ್ದರಿಂದ ಆಳಸಾಗರದ ತಳದಲ್ಲಿ ಒತ್ತಡಮಾಪಕಗಳನ್ನು ಇಟ್ಟಿದ್ದಾರೆ. ಗಾಳಿಯ ಅಲೆಯ ಒತ್ತಡ ಅಷ್ಟು ಆಳಕ್ಕೆ ಇಳಿಯುವುದೇ ಇಲ್ಲ. ಸುನಾಮಿಯಲ್ಲಿ ಇಡೀ ನೀರಿನ ಕಂಬವೇ ಏರಿಳಿಯುವುದರಿಂದ ಮೂರು–ನಾಲ್ಕು ಕಿಲೋಮೀಟರ್ ಅಡಿಯಲ್ಲೂ ಒತ್ತಡ ಬದಲಾಗುತ್ತದೆ. ಅಲ್ಲಿನ ಉಪಕರಣ ಒಂದು ಸೆಂಟಿಮೀಟರಿಗೂ ಕಡಿಮೆ ಏರಿಕೆಯನ್ನು ಗುರುತಿಸಿ, ಧ್ವನಿಯ ಸಂಕೇತದ ಮೂಲಕ ಮೇಲೆ ತೇಲುವ ಬೋಯಿಗೆ ತಿಳಿಸುತ್ತದೆ. ಬೋಯಿ ಅದನ್ನು ಉಪಗ್ರಹದ ಮೂಲಕ ದಡಕ್ಕೆ ಕಳುಹಿಸುತ್ತದೆ. ಮೀನುಗಾರ ಬಂಧುಗಳಲ್ಲಿ ಇಲ್ಲೊಂದು ವಿನಂತಿ: ಆಳ ಕಡಲಿನಲ್ಲಿ ಇಂಥ ಬೋಯಿ ಕಂಡರೆ ಅದಕ್ಕೆ ಬೋಟು ಕಟ್ಟಬೇಡಿ, ಅದರ ಸುತ್ತ ಬಲೆ ಹಾಕಬೇಡಿ. ಬೋಯಿಯ ನೆರಳಿಗೆ ಮೀನು ಕೂಡುತ್ತದೆ ಎಂಬುದು ನಿಜ; ಆದರೆ ಅದು ಕೆಟ್ಟುಹೋದ ದಿನ ಅಲೆ ಬಂದರೆ ನಮಗೆ ತಿಳಿಸುವ ಕಣ್ಣು ಒಂದು ಕಡಿಮೆಯಾಗಿರುತ್ತದೆ.

ಉಪಗ್ರಹದ ಬಗ್ಗೆ ಹೆಚ್ಚು ಹೇಳುವ ಅಗತ್ಯವಿಲ್ಲ. 2004ರಲ್ಲಿ ಜೇಸನ್–1 ಉಪಗ್ರಹ ಭೂಕಂಪದ ಸುಮಾರು ಎರಡು ಗಂಟೆಗಳ ನಂತರ ಬಂಗಾಳ ಕೊಲ್ಲಿಯ ಮೇಲೆ ಹಾದುಹೋಗಿ, ತೆರೆದ ಕಡಲಿನಲ್ಲಿ ಅಲೆ ಸುಮಾರು ಅರುವತ್ತು ಸೆಂಟಿಮೀಟರ್ ಇತ್ತೆಂದು ಅಳೆದುಕೊಟ್ಟಿತು. ಅದು ಆ ಹೊತ್ತಿಗೆ ಅಲ್ಲಿದ್ದದ್ದು ಕಾಕತಾಳೀಯ. ಅಳತೆ ವಿಜ್ಞಾನಿಗಳ ಕೈ ಸೇರಿದ್ದು ಆಮೇಲೆ. ಅಷ್ಟು ಸಣ್ಣ ಏರಿಕೆ ಅರ್ಧ ಗಂಟೆಯಲ್ಲಿ ಹರಡಿಕೊಂಡಿರುವಾಗ ಆಳ ಕಡಲಿನ ಬೋಟಿನವರಿಗೆ ಅದು ಗೊತ್ತೇ ಆಗುವುದಿಲ್ಲ.

ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಮೀನು ಸಿಗುವ ತಾಣಗಳ ಸೂಚನೆ ಕೊಡುವುದರಿಂದ ಮಲ್ಪೆಯ ಬೋಟಿನವರಿಗೆ ಅದರ ಹೆಸರು ಪರಿಚಿತ. 2007ರ ಅಕ್ಟೋಬರಿನಿಂದ ದೇಶದ ಸುನಾಮಿ ಎಚ್ಚರಿಕಾ ಕೇಂದ್ರವೂ ಅಲ್ಲೇ ಇದೆ. ಭೂಕಂಪವಾದ ಸುಮಾರು ಹತ್ತು ನಿಮಿಷದೊಳಗೆ ಮೊದಲ ಪ್ರಕಟಣೆ ಹೊರಡುತ್ತದೆ. ಯಾವ ಜಾಗದಲ್ಲಿ, ಯಾವ ಪ್ರಮಾಣದ ಕಂಪನವಾದರೆ ಯಾವ ಊರಿಗೆ ಎಷ್ಟು ಹೊತ್ತಿಗೆ ಎಷ್ಟು ಎತ್ತರದ ಅಲೆ ಬರಬಹುದು ಎಂಬುದನ್ನು ಕಂಪ್ಯೂಟರಿನಲ್ಲಿ ಮೊದಲೇ ಲೆಕ್ಕ ಹಾಕಿ ಕೂಡಿಟ್ಟಿರುವುದರಿಂದ ಇದು ಸಾಧ್ಯವಾಗುತ್ತದೆ. ಅಲೆ ಒಂದು ಗಂಟೆಯೊಳಗೆ ತಲುಪುವಂಥ ಅಂಡಮಾನ್–ನಿಕೋಬಾರಿನಂಥ ಕಡೆಗೆ ಭೂಕಂಪದ ವಿವರದ ಆಧಾರದ ಮೇಲೆಯೇ ಎಚ್ಚರಿಕೆ ಕೊಡಲಾಗುತ್ತದೆ. ಅದಕ್ಕಿಂತ ದೂರದ ತೀರಗಳಿಗೆ ಅಂತಿಮ ಎಚ್ಚರಿಕೆಯನ್ನು ಕೊಡುವ ಮುನ್ನ ಒತ್ತಡಮಾಪಕವೋ ಬಂದರಿನ ಮಾಪಕವೋ ಅಲೆಯನ್ನು ಕಂಡಿದೆಯೇ ಎಂದು ನೋಡಲು ಸಮಯವಿರುತ್ತದೆ. ಮಕ್ರಾನಿನಿಂದ ನಮಗೆ ಸುಮಾರು 1,800 ಕಿಲೋಮೀಟರ್ ದೂರ. ಆಳ ಕಡಲನ್ನು ದಾಟಿ, ಖಂಡಾವರಣದ ಮೇಲೆ ನಿಧಾನವಾಗಿ ಅಲೆ ಇಲ್ಲಿಗೆ ಬರಲು ಮೂರು ಗಂಟೆಗೂ ಮಿಕ್ಕಿ ಬೇಕು. ಸುಮಾತ್ರದಿಂದ ಬಳಸಿ ಬರುವುದಕ್ಕೆ ನಾಲ್ಕು ಗಂಟೆಗೂ ಹೆಚ್ಚು.

ಸಭೆಯ ನಡುವೆ ಹಿರಿಯರೊಬ್ಬರು ಎದ್ದು, “ಕಡಲು ಮೊದಲು ಹಿಂದೆ ಸರಿಯುತ್ತದೆಯಂತಲ್ಲ, ಅದನ್ನು ನೋಡಿಕೊಂಡು ಓಡಿದರೆ ಆಗದೇ?” ಎಂದು ಕೇಳಿದರು. ಬಹಳ ಮುಖ್ಯವಾದ ಪ್ರಶ್ನೆ. ಕಡಲು ಹಿಂದೆ ಸರಿದು ತಳದ ಕೆಸರು ಕಾಣಿಸಿದರೆ ಒಂದು ಕ್ಷಣವೂ ನಿಲ್ಲದೆ ಎತ್ತರಕ್ಕೆ ಓಡಬೇಕೆಂಬುದು ಸರಿ. ಆದರೆ ಹಿಂದೆ ಸರಿಯದೆಯೂ ಸುನಾಮಿ ಬರುತ್ತದೆ. 2004ರಲ್ಲಿ ಬಿರುಕಿನ ಪೂರ್ವ ಪಾರ್ಶ್ವದ ತಳ ಕುಸಿದು, ಪಶ್ಚಿಮ ಪಾರ್ಶ್ವದ್ದು ಎದ್ದಿತ್ತು. ಹಾಗಾಗಿ ಥಾಯ್ಲೆಂಡಿನ ಕಡೆಗೆ ಹೋದ ಅಲೆಯಲ್ಲಿ ತಗ್ಗು ಮುಂದಿದ್ದು ಅಲ್ಲಿ ಕಡಲು ಮೊದಲು ಹಿಂಜರಿಯಿತು. ಭಾರತದ ಕಡೆಗೆ ಬಂದದ್ದರಲ್ಲಿ ಉಬ್ಬು ಮುಂದಿದ್ದು ಚೆನ್ನೈಯ ಮಾಪಕದಲ್ಲಿ ನೀರು ಮೊದಲು ಏರಿದ್ದೇ ದಾಖಲಾಗಿದೆ. ಮುಂದಿನ ಸಲ ನಮ್ಮ ದಡಕ್ಕೆ ಯಾವುದು ಮೊದಲು ಬಂದೀತೆಂದು ದಡದಲ್ಲಿ ನಿಂತು ಹೇಳಲಾಗದು.

ಇನ್ನೊಂದು ಸೂಚನೆಯೆಂದರೆ ನೆಲದ ನಡುಕ. ಸುಮಾತ್ರದ ಪಕ್ಕದ ಸಿಮೆಲೂ ದ್ವೀಪದವರು 1907ರ ಸುನಾಮಿಯ ನೆನಪನ್ನು ಹಾಡಿನಲ್ಲೂ ಕತೆಯಲ್ಲೂ ಮಕ್ಕಳಿಗೆ ದಾಟಿಸಿಕೊಂಡು ಬಂದಿದ್ದರು. 2004ರಲ್ಲಿ ನೆಲ ನಡುಗಿದೊಡನೆ ಎಲ್ಲರೂ ಗುಡ್ಡ ಹತ್ತಿದರು, ಸುಮಾರು 78,000 ಜನರಿದ್ದ ದ್ವೀಪದಲ್ಲಿ ಸತ್ತವರು ಏಳು ಮಂದಿ. ಈ ಉದಾಹರಣೆಯನ್ನು ಗೌರವದಿಂದಲೇ ಹೇಳುತ್ತೇನೆ, ಆದರೆ ಅದು ನಮಗೆ ನೇರವಾಗಿ ಒದಗುವುದಿಲ್ಲ ಎಂಬುದನ್ನೂ ಸೇರಿಸಬೇಕು. ಮಕ್ರಾನಿನಲ್ಲೋ ಸುಮಾತ್ರದಲ್ಲೋ ಭೂಕಂಪವಾದರೆ ಮಲ್ಪೆಯಲ್ಲಿ ಗಮನಕ್ಕೆ ಬರುವಂತೆ ನೆಲ ನಡುಗುವ ಸಂಭವ ಬಹಳ ಕಡಿಮೆ. ನಮಗೆ ಸೂಚನೆ ದೂರವಾಣಿಯಲ್ಲಿ, ವೈರ್‌ಲೆಸ್‌ನಲ್ಲಿ, ಮೈಕಿನಲ್ಲಿ ಬರಬೇಕು.

ದಡದಲ್ಲಿ ಸುನಾಮಿ ಹೇಗೆ ಕಾಣಿಸಿಕೊಳ್ಳುತ್ತದೆ ಎಂಬುದಕ್ಕೆ ಚಿತ್ರಗಳಲ್ಲಿ ಬರೆಯುವ ಮಗುಚಿ ಬೀಳುವ ನೀರಿನ ಗೋಡೆ ಸರಿಯಾದ ಮಾದರಿಯಲ್ಲ. ಹೆಚ್ಚಿನ ಕಡೆ ಅದು ಬೇಗ ಬೇಗ ಏರುವ ಉಬ್ಬರದಂತೆ ಬರುತ್ತದೆ. ಬಂದರಿನೊಳಗೆ ಇನ್ನೊಂದು ಅಪಾಯವಿದೆ. ತುಂಬಿದ ಕೊಡವನ್ನು ಹೊತ್ತು ನಡೆಯುವಾಗ ನಡಿಗೆಯ ಲಯಕ್ಕೂ ನೀರಿನ ತೂಗಾಟಕ್ಕೂ ಹೊಂದಿಕೆಯಾದರೆ ನೀರು ತುಳುಕುವಂತೆ, ಅಲೆಯ ಕಾಲಾವಧಿಗೂ ಬಂದರಿನ ನೀರಿನ ಸ್ವಂತ ತೂಗಾಟಕ್ಕೂ ಹೊಂದಿಕೆಯಾದರೆ ಹೊರಗಿನ ಸಣ್ಣ ಅಲೆಯೂ ಒಳಗೆ ದೊಡ್ಡ ಸೆಳೆತವನ್ನು ಹುಟ್ಟಿಸುತ್ತದೆ. 2004ರಲ್ಲಿ ಸುಮಾತ್ರದಿಂದ ಸಾವಿರಾರು ಕಿಲೋಮೀಟರ್ ದೂರದ ಒಮಾನಿನ ಸಲಾಲಾ ಬಂದರಿನಲ್ಲಿ 285 ಮೀಟರ್ ಉದ್ದದ ಕಂಟೇನರ್ ಹಡಗು ಕಟ್ಟಿದ ಹಗ್ಗಗಳನ್ನೆಲ್ಲ ಕಿತ್ತುಕೊಂಡು ಗಂಟೆಗಟ್ಟಲೆ ಸುತ್ತುತ್ತಿತ್ತು. ಅಷ್ಟು ದೊಡ್ಡ ಹಡಗಿನ ಗತಿ ಅದಾದರೆ, ಮೀನುಗಾರಿಕಾ ರಜೆಯ ದಿನಗಳಲ್ಲಿ ನಮ್ಮ ದಕ್ಕೆಗಳಲ್ಲಿ ಒಂದಕ್ಕೊಂದು ತಾಗಿ ಸಾಲುಗಟ್ಟಿ ನಿಂತಿರುವ ಬೋಟುಗಳ ಸ್ಥಿತಿಯನ್ನು ಊಹಿಸಬಹುದು.

ಈಗ ಪಡುಕೆರೆಗೆ ಬರೋಣ. ಪಶ್ಚಿಮಕ್ಕೆ ಕಡಲು, ಪೂರ್ವಕ್ಕೆ ಹೊಳೆ, ನಡುವೆ ಮನೆಗಳ ಸಾಲು. ಕೋಡಿಬೆಂಗ್ರೆಯೂ ಹಾಗೆಯೇ, ಮಂಗಳೂರಿನ ತೋಟ ಬೆಂಗ್ರೆ, ಕಸಬಾ ಬೆಂಗ್ರೆಗಳೂ ಹಾಗೆಯೇ. ಮರವಂತೆಯಲ್ಲಿ ಕಡಲಿಗೂ ಸೌಪರ್ಣಿಕಾ ನದಿಗೂ ನಡುವೆ ರಾಷ್ಟ್ರೀಯ ಹೆದ್ದಾರಿಗಷ್ಟೇ ಜಾಗ. ಆಲಪ್ಪಾಡಿನ ನೆಲದ ರಚನೆಯೂ ಇದೇ ಆಗಿತ್ತು. ಕಡಲ್ಕೊರೆತ ತಡೆಯಲು ಕಲ್ಲು ಹಾಕಿ ಕಟ್ಟಿದ ತಡೆಗೋಡೆಗಳಿಂದ ಸುನಾಮಿಯೂ ನಿಲ್ಲುತ್ತದೆ ಎಂಬ ನಂಬಿಕೆಯನ್ನು ಬಿಡಬೇಕು. ಆ ಗೋಡೆಗಳ ಕೆಲಸ ಹತ್ತು ಸೆಕೆಂಡಿನ ಅಲೆಯ ಹೊಡೆತವನ್ನು ತಾಳುವುದು. ಹತ್ತು ನಿಮಿಷ ಏರುತ್ತಲೇ ಇರುವ ನೀರು ಕಲ್ಲುಗಳ ಸಂದಿಯಿಂದ ನುಸುಳುತ್ತದೆ, ಮೇಲಿನಿಂದ ಹರಿಯುತ್ತದೆ, ಎಲ್ಲಕ್ಕಿಂತ ಮುಖ್ಯವಾಗಿ ಅಳಿವೆ ಬಾಗಿಲಿನಿಂದ ಒಳನುಗ್ಗಿ ಹೊಳೆಯಲ್ಲಿ ಮೇಲಕ್ಕೇರಿ ಮನೆಗಳ ಹಿಂಬದಿಯಿಂದ ಬರುತ್ತದೆ. ಹಾಗಾಗಿ ಇಂಥ ಊರುಗಳಲ್ಲಿ ಕಡಲಿಗೆ ಬೆನ್ನು ಹಾಕಿ ಓಡಿದರೆ ಸಾಲದು, ಹೊಳೆಯನ್ನೂ ದಾಟಿರಬೇಕು. ಕಸಬಾ ಬೆಂಗ್ರೆಯಿಂದ ಮಂಗಳೂರಿಗೆ ಬರುವ ದಿನನಿತ್ಯದ ದಾರಿ ದೋಣಿಯದ್ದು. ಅಂಥ ದಿನ ದೋಣಿಗಾಗಿ ಕಾಯುವುದು ಸಲ್ಲದು, ತಣ್ಣೀರುಬಾವಿಯ ಕಡೆಯ ರಸ್ತೆಯನ್ನೇ ಹಿಡಿಯಬೇಕು. ನಮ್ಮ ಜಿಲ್ಲೆಗಳಿಗೆ ಪ್ರಕೃತಿ ಕೊಟ್ಟ ದೊಡ್ಡ ಅನುಕೂಲವೆಂದರೆ ಕೆಂಪುಕಲ್ಲಿನ ಗುಡ್ಡಗಳು ಕಡಲಿನಿಂದ ಕೆಲವೇ ಕಿಲೋಮೀಟರ್ ದೂರದಲ್ಲಿರುವುದು. ನಾಗಪಟ್ಟಿಣದ ಸಪಾಟು ನೆಲದಲ್ಲಿ ಆ ಅನುಕೂಲ ಇರಲಿಲ್ಲ. ಗುಡ್ಡದವರೆಗೆ ನಡೆಯಲಾಗದ ವಯಸ್ಸಾದವರಿಗೆ, ರೋಗಿಗಳಿಗೆ ಗಟ್ಟಿಯಾದ ಕಾಂಕ್ರೀಟ್ ಕಟ್ಟಡದ ಎರಡನೆಯ ಅಥವಾ ಮೂರನೆಯ ಮಹಡಿ ಆಸರೆಯಾಗುತ್ತದೆ. ತಮ್ಮ ಊರಿನಲ್ಲಿ ಅಂಥ ಕಟ್ಟಡ ಯಾವುದು, ಅದರ ಬೀಗದ ಕೈ ಯಾರ ಬಳಿ ಇದೆ ಎಂಬುದನ್ನು ಪಂಚಾಯತುಗಳು ಈಗಲೇ ಗೊತ್ತುಮಾಡಿಕೊಳ್ಳಬೇಕು. ಒಡಿಶಾದ ವೆಂಕಟರಾಯಪುರ ಮತ್ತು ನೋಲಿಯಾಸಾಹಿ ಗ್ರಾಮಗಳು ಇಂಥ ಸಿದ್ಧತೆಗಾಗಿ 2020ರಲ್ಲಿ ಯುನೆಸ್ಕೋದ ಮನ್ನಣೆ ಪಡೆದಿವೆ. ನಮ್ಮ ಗ್ರಾಮಗಳಿಗೆ ಅದು ಅಸಾಧ್ಯವಾದ ಕೆಲಸವೇನೂ ಅಲ್ಲ.

ಬೋಟಿನವರು ಏನು ಮಾಡಬೇಕು? ಎಚ್ಚರಿಕೆ ಬಂದಾಗ ನೂರು ಮಾರು ಆಳದಲ್ಲಿ ಬಲೆ ಹಾಕುತ್ತಿದ್ದರೆ ಅಲ್ಲೇ ಇರಿ, ಬಂದರಿಗೆ ಮರಳಬೇಡಿ. ಬೋಟು ದಕ್ಕೆಯಲ್ಲಿದ್ದರೆ ಅದನ್ನು ಉಳಿಸಲು ಕಡಲಿಗೆ ಹೊರಡುವ ಯೋಚನೆ ಬೇಡ. ನಮ್ಮ ಕಡಲಿನ ತಳ ಬಹಳ ನಿಧಾನವಾಗಿ ಇಳಿಯುವುದರಿಂದ ಸುರಕ್ಷಿತವಾದ ಆಳ ಸಿಗಬೇಕಾದರೆ ಹತ್ತಾರು ಕಿಲೋಮೀಟರ್ ಹೋಗಬೇಕು, ಟ್ರಾಲ್ ಬೋಟಿನ ವೇಗದಲ್ಲಿ ಅದಕ್ಕೆ ಗಂಟೆಗಳೇ ಹಿಡಿಯುತ್ತವೆ. ಒಂದೇ ಹೊತ್ತಿಗೆ ನೂರಾರು ಬೋಟುಗಳು ಅಳಿವೆಗೆ ನುಗ್ಗಿದರೆ ಅಲ್ಲೇ ಅವಘಡವಾಗುತ್ತದೆ. ಬೋಟು ಸಾಲ ಮಾಡಿ ಕಟ್ಟಿಸಿದ್ದು, ಅದನ್ನು ಬಿಟ್ಟು ಹೋಗಿರೆಂದು ಹೇಳುವುದು ಎಷ್ಟು ಕಠಿಣವೆಂದು ಬಲ್ಲೆ. ಆದರೂ ಹೇಳುತ್ತಿದ್ದೇನೆ.

ಕೊನೆಯಲ್ಲಿ ವಿದ್ಯಾರ್ಥಿನಿಯೊಬ್ಬಳು ಕೇಳಿದ ಪ್ರಶ್ನೆ: ಗುಡ್ಡ ಹತ್ತಿದವರು ಯಾವಾಗ ಇಳಿಯಬಹುದು? ಮೊದಲ ಅಲೆಯೇ ದೊಡ್ಡದಾಗಿರಬೇಕೆಂದಿಲ್ಲ. 1964ರ ಮಾರ್ಚಿನಲ್ಲಿ ಅಲಾಸ್ಕಾದ ಭೂಕಂಪದ ಅಲೆಗಳು ಕ್ಯಾಲಿಫೋರ್ನಿಯಾದ ಕ್ರೆಸೆಂಟ್ ಸಿಟಿಗೆ ಬಂದಾಗ ಮೊದಲಿನ ಅಲೆಗಳು ತಗ್ಗಿದವೆಂದು ಕೆಲವರು ಅಂಗಡಿಗಳನ್ನು ಸ್ವಚ್ಛಗೊಳಿಸಲು ಹಿಂದಿರುಗಿದರು. ಊರನ್ನು ಕೊಚ್ಚಿಕೊಂಡು ಹೋದದ್ದು ನಾಲ್ಕನೆಯ ಅಲೆ. ಖಂಡಾವರಣದ ಮೇಲೆ ಸಿಕ್ಕಿಬಿದ್ದ ಉದ್ದದ ಅಲೆಗಳು ದಡಕ್ಕೂ ಆಳಕ್ಕೂ ನಡುವೆ ತಿರುಗಿ ತಿರುಗಿ ಬಡಿಯುತ್ತಿರುತ್ತವೆ, ಅವು ಒಂದರ ಮೇಲೊಂದು ಕೂಡಿದಾಗ ತಡವಾಗಿ ಬಂದದ್ದೇ ದೊಡ್ಡದಾಗಬಹುದು. ಎರಡು ಅಲೆಗಳ ನಡುವೆ ಒಂದು ಗಂಟೆಯ ಬಿಡುವೂ ಇರಬಹುದಾದ್ದರಿಂದ ಕಡಲು ಅರ್ಧ ಗಂಟೆ ಸುಮ್ಮನಿದ್ದಿತೆಂದು ಇಳಿಯುವಂತಿಲ್ಲ. ಮಾಪಕಗಳ ದಾಖಲೆಯನ್ನು ನೋಡಿ ಇನ್‌ಕಾಯಿಸ್ ಎಚ್ಚರಿಕೆಯನ್ನು ಹಿಂತೆಗೆದುಕೊಂಡು, ಅದನ್ನು ಜಿಲ್ಲಾಡಳಿತ ಘೋಷಿಸಿದ ಮೇಲೆ ಮಾತ್ರ ಇಳಿಯಬೇಕು. ಅದಕ್ಕೆ ಇಡೀ ದಿನ ಬೇಕಾದರೂ ಆಗಬಹುದು. ಆದ್ದರಿಂದ ಗುಡ್ಡ ಹತ್ತುವಾಗ ಕುಡಿಯುವ ನೀರು, ಮನೆಯವರ ಔಷಧಿ, ಚಿಕ್ಕ ಮಕ್ಕಳ ಆಹಾರ ಜೊತೆಯಲ್ಲಿರಲಿ.